ಕೌದಿಯ ಹೊಟ್ಟೆಯಲ್ಲಿ ತಾಮ್ರದ ತಂತಿ

ನನ್ನ ಬರೆಯುವ ಮೇಜಿನ ಮೇಲೆ, ಉಳಿದವರ ಮನೆಗಳಲ್ಲಿ ಗಾಜೋ ರೆಕ್ಸಿನ್ನೋ ಇರುವ ಜಾಗದಲ್ಲಿ, ಒಂದು ಪುಟ್ಟ ಕೌದಿ ಹಾಸಿಕೊಂಡಿದೆ. ಹಳೆಯ ಇಳಕಲ್ ಸೀರೆಯ ಸೆರಗು, ನನ್ನ ಕಾರ್ಖಾನೆಯ ಖಾಕಿ ಅಂಗಿಯ ತೋಳು, ಮಗಳ ಲಂಗದ ಹೂವಿನ ಚೂರು, ಎಲ್ಲಿಂದಲೋ ಬಂದ ಪರದೆಯ ಹಸಿರು ಪಟ್ಟಿ, ಇವಕ್ಕೆಲ್ಲ ಒಂದಕ್ಕೊಂದು ನಂಟು ಬೆಸೆದು ನನ್ನವ್ವ ಹೊಲಿದದ್ದು. ಅದರ ನಟ್ಟನಡುವೆ ಅಂಗೈಯಗಲದ ಒಂದು ತೇಪೆ. ತೇಪೆಯ ಅಂಚಿನಲ್ಲಿ ಸುಟ್ಟ ಅರಿವೆಯ ಕಂದು ಇಂದಿಗೂ ಇಣುಕುತ್ತದೆ. ಬಲಗಡೆಯ ಮೂಲೆಯನ್ನು ಒತ್ತಿದರೆ ಒಳಗೆ ಗಟ್ಟಿಯಾದದ್ದೇನೋ ಬೆರಳಿಗೆ ಹತ್ತುತ್ತದೆ. ಮನೆಗೆ ಬಂದವರು ಚಹಾದ ಕಪ್ಪು ಇಡುತ್ತ ಅದನ್ನು ಮುಟ್ಟಿ, ಇದೇನು ಎಂದು ಕೇಳುತ್ತಾರೆ. ತಾಮ್ರದ ತಂತಿ ಎಂದರೆ ಯಾರೋ ಮಂತ್ರಿಸಿ ಕೊಟ್ಟಿರಬೇಕೆಂದು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಮಂತ್ರವೂ ಇಲ್ಲ, ಮಣ್ಣೂ ಇಲ್ಲ. ಅದು ನನ್ನ ತಪ್ಪಿನ ಒಂದು ತುಂಡು, ಅಷ್ಟೆ. ಅದು ನನ್ನ ಮಗಳ ಪ್ರಾಣಕ್ಕೆ ಎರವಾಗುವುದರಲ್ಲಿತ್ತು. ಆ ಗಂಡಾಂತರ ಕಳೆದ ಮೇಲೆ ನನ್ನವ್ವ ತನ್ನ ಕೈಯ ಮೇಲೆ ತಾನೇ ನಂಬಿಕೆ ಕಳೆದುಕೊಂಡು ನಮ್ಮ ಮನೆ ಬಿಡುವುದರಲ್ಲಿದ್ದಳು. ಇದನ್ನು ಹೇಳಿದರೆ ನನ್ನ ಮಾನ ಸ್ವಲ್ಪ ಹೋದೀತು. ಹೋಗಲಿ, ನೀವೇನು ಹೊರಗಿನವರೆ?

ನಾನು ವಿದ್ಯುತ್ತಿನ ಕೆಲಸದವನು. ತೊಂಬತ್ತರ ದಶಕದ ಆರಂಭದಲ್ಲಿ, ಆಳಂದದ ಕಡೆಯ ನಮ್ಮ ಹಳ್ಳಿಯಿಂದ ಐಟಿಐ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಪುಣೆಗೆ ಬಂದು, ತಳೇಗಾಂವದ ಒಂದು ಕಾರ್ಖಾನೆಯ ದುರಸ್ತಿ ವಿಭಾಗದಲ್ಲಿ ನಿಂತುಕೊಂಡವನು. ಮನೆ ಮಾಡಿದ್ದು ದಾಪೋಡಿಯಲ್ಲಿ, ರೈಲುಹಳಿಯ ಪಕ್ಕ, ಹನ್ನೆರಡು ಮನೆಗಳ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ. ಎರಡು ಕೋಣೆ, ಒಂದು ಗ್ಯಾಲರಿ. ಲೋಣಾವಳಾ ಲೋಕಲ್ ಹೋದಾಗಲೆಲ್ಲ ಗೂಡಿನ ಮೇಲಿನ ಸ್ಟೀಲ್ ಡಬ್ಬಿಗಳು ತಾವೇ ಮಾತಾಡಿಕೊಳ್ಳುತ್ತಿದ್ದವು. ಕಟ್ಟಡದವರು ನನ್ನನ್ನು ವಾಯರಮನ್ ಎಂದು ಕರೆಯುತ್ತಿದ್ದರು. ಯಾರ ಮನೆಯ ಟ್ಯೂಬು ಮಿಣುಕಿದರೂ, ಯಾರ ಮಿಕ್ಸರ್ ಮುನಿಸಿಕೊಂಡರೂ ನನಗೇ ಕರೆ. ಚಹಾ ಕುಡಿದು, ಟೆಸ್ಟರ್ ಜೇಬಿಗೆ ಸಿಕ್ಕಿಸಿಕೊಂಡು, ಒಂದು ಸುತ್ತು ಗತ್ತಿನಿಂದ ಮೆಟ್ಟಿಲಿಳಿಯುವುದರಲ್ಲಿ ನನಗೆಷ್ಟು ಸುಖವಿತ್ತೆಂದರೆ, ಅದನ್ನು ಇಷ್ಟು ವರ್ಷಗಳಾದ ಮೇಲೆ ನೆನೆಯಲು ನಾಚಿಕೆಯಾಗುತ್ತದೆ.

ಅಪ್ಪ ತೀರಿದ ಮೇಲೆ ಅವ್ವ ನಮ್ಮ ಜೊತೆಗೇ ಇರಲು ಬಂದಳು. ಬಂದ ದಿನವೇ ಅಡುಗೆಮನೆಯಲ್ಲಿ ನಿಂತು ಸುತ್ತ ನೋಡಿದಳು. ಗ್ಯಾಸಿನ ಒಲೆ ಅವಳಿಗೆ ಅರ್ಥವಾಯಿತು, ಅಲ್ಲಿ ಉರಿ ಕಾಣುತ್ತಿತ್ತು. ಆದರೆ ನನ್ನ ಹೆಂಡತಿ ಸುಮಾ ಬಕೆಟ್ಟಿನಲ್ಲಿ ನೀರು ಕಾಯಿಸುವ ಕಡ್ಡಿಯನ್ನಿಳಿಸಿ ಗುಂಡಿ ಒತ್ತಿ, ಸ್ವಲ್ಪ ಹೊತ್ತಿಗೆ ನೀರಿನಿಂದ ಹಬೆ ಏಳತೊಡಗಿದಾಗ ಅವ್ವ ಬೆರಗಾಗಿ ನನ್ನನ್ನು ಕೇಳಿದಳು: "ಇದರ ಬೆಂಕಿ ಎಲ್ಲಿರತದೋ?"

"ಗ್ವಾಡಿಯೊಳಗ ಅದ ಅವ್ವಾ," ಎಂದೆ, ತಮಾಷೆಗೆ.

ಅವಳು ತಮಾಷೆ ಎಂದುಕೊಳ್ಳಲಿಲ್ಲ. ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅಂದಿನಿಂದ ಒಂದು ತಿಂಗಳು ಆ ಗೋಡೆಗೆ ಬೆನ್ನು ಕೊಟ್ಟು ಕೂರಲಿಲ್ಲ. ಸಂಜೆ ದೀಪ ಹಾಕಿದೊಡನೆ ಬಲ್ಬಿಗೆ ಕೈಮುಗಿಯುವುದು ನಮ್ಮಲ್ಲಿ ಎಲ್ಲರ ರೂಢಿ. ಅವ್ವ ಮಾತ್ರ ಬಲ್ಬಿನ ಕಡೆ ತಿರುಗದೆ ಗೋಡೆಯ ಕಡೆ ತಿರುಗಿ ಮುಗಿಯುತ್ತಿದ್ದಳು. ನಾನೂ ಸುಮಾಳೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು. ನಗಬಾರದಿತ್ತು. ಆ ಮನೆಯಲ್ಲಿ ದೇವರು ಯಾವ ಕಡೆ ಇದ್ದಾನೆಂಬುದು ಸರಿಯಾಗಿ ಗೊತ್ತಿದ್ದವಳು ಅವಳೊಬ್ಬಳೇ.

ಏಕೆಂದರೆ ಅವ್ವನಿಗೆ ಬೆಂಕಿ ಎಂದರೆ ಒಂದು ಜೀವ. ನಮ್ಮ ಹಳ್ಳಿಯಲ್ಲಿ ಕಡ್ಡಿಪೆಟ್ಟಿಗೆಯನ್ನು ಸುಮ್ಮಸುಮ್ಮನೆ ಗೀರುವಂತಿರಲಿಲ್ಲ. ಒಲೆ ಆರಿದ್ದರೆ ಪಕ್ಕದ ಮನೆಗೆ ಹೋಗಿ ಕುಳ್ಳಿನ ಚೂರಿನ ಮೇಲೆ ಒಂದು ಕೆಂಡ ಇಸಿದುಕೊಂಡು, ಗಾಳಿಗೆ ಅಂಗೈ ಅಡ್ಡ ಹಿಡಿದು, ಕೂಸನ್ನು ತರುವ ಹಾಗೆ ತರಬೇಕಿತ್ತು. ಅದು ಎದ್ದರೆ ಹೊಗೆಯಾಡುತ್ತಿತ್ತು, ಹಸಿದರೆ ಚಟಚಟ ಎನ್ನುತ್ತಿತ್ತು, ಉಂಡರೆ ಕೆಂಪಾಗಿ ಸುಮ್ಮನಾಗುತ್ತಿತ್ತು. ದಿನದ ಅಡುಗೆ ಮುಗಿದ ಮೇಲೆ ಅವ್ವ ಒಲೆಯ ಕೆಂಡಗಳನ್ನು ಒಟ್ಟುಮಾಡಿ ಮೇಲೆ ಬೂದಿ ಹೊದಿಸುತ್ತಿದ್ದಳು. ಬೂದಿ ತೆಳುವಾದರೆ ಕೆಂಡ ಉರಿದುಹೋಗುತ್ತದೆ, ದಪ್ಪವಾದರೆ ಸತ್ತುಹೋಗುತ್ತದೆ. ಎಷ್ಟು ಹೊದಿಸಿದರೆ ಬೆಳಗಿನವರೆಗೆ ಮಲಗಿರುತ್ತದೆಂಬುದು ಅವಳ ಬೆರಳುಗಳಿಗೆ ಗೊತ್ತಿತ್ತು. ಹೊದಿಸಿದ ಬೆಂಕಿ ಸುಖವಾಗಿರುತ್ತದೆ, ಅದರೊಂದಿಗೆ ಮನೆಯೂ ಸುಖವಾಗಿರುತ್ತದೆ. ಅರವತ್ತು ವರ್ಷ ಅವಳು ಬದುಕಿದ್ದು ಈ ತಿಳಿವಳಿಕೆಯ ಮೇಲೆ. ಅವಳು ಅದನ್ನು ಹೊತ್ತುಕೊಂಡೇ ಪುಣೆಗೆ ಬಂದಳೆಂಬುದು ನನ್ನ ಲಕ್ಷ್ಯಕ್ಕೇ ಬರಲಿಲ್ಲ.

ಬೆಂಕಿಯ ವಿಷಯದಲ್ಲಿ ನನಗೂ ಒಬ್ಬ ಗುರುವಿದ್ದ. ಕಾರ್ಖಾನೆಯ ನಮ್ಮ ಫೋರ್‌ಮನ್ ಜಾಧವ, ಮಾತು ಕಡಿಮೆ, ಮೀಸೆ ಹೆಚ್ಚು. ಪಾಳಿ ಶುರುವಾದೊಡನೆ ಆತ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಪ್ರತಿ ವಿದ್ಯುತ್ ಕಪಾಟಿನ ಮುಂದೆ ನಿಂತು ಅದರ ಬಾಗಿಲಿಗೆ ಕೈಯ ಹಿಂಬದಿಯನ್ನು ಮುಟ್ಟಿಸುವುದು. ಅಂಗೈಯಲ್ಲ, ಮುಂಗೈ. ಅಂಗೈಗೆ ವಿದ್ಯುತ್ತು ತಗಲಿದರೆ ಬೆರಳುಗಳು ಮುದುಡಿ ಹಿಡಿದುಕೊಂಡುಬಿಡುತ್ತವೆ. ಹಿಂಬದಿಗೆ ತಗಲಿದರೆ ಅದೇ ಮುದುಡುವಿಕೆ ಕೈಯನ್ನು ಈಚೆಗೆ ಎಳೆದು ಉಳಿಸುತ್ತದೆ. ಒಮ್ಮೆ ಹಾಗೆ ಮುಟ್ಟಿದವನು, ಬಾಗಿಲು ಕಾದಿದೆ ಎಂದು ನಮ್ಮನ್ನೆಲ್ಲ ಹಿಂದೆ ಸರಿಸಿದ. ಮುಖ್ಯ ಸ್ವಿಚ್ಚಿನ ಕಡೆ ಓಡುವಷ್ಟರಲ್ಲಿ ಕಪಾಟಿನೊಳಗೆ ಬೆಳಕು ಸಿಡಿಯಿತು. ಬೆಂಕಿ ಎನ್ನಲಾರೆ. ಬೆಂಕಿಗೆ ಬಣ್ಣವಿದೆ, ಹೊಯ್ದಾಟವಿದೆ. ಇದು ಬರಿಯ ಬಿಳುಪು, ಕಣ್ಣು ಮುಚ್ಚಿದರೂ ಕಾಣುವ ಬಿಳುಪು. ಹೆಬ್ಬೆರಳ ಗಾತ್ರದ ತಾಮ್ರದ ಪಟ್ಟಿ ಬೆಲ್ಲದ ಪಾಕದಂತೆ ಇಳಿದುಹೋಗಿತ್ತು. ಅಂದು ಲೋಕಲ್ಲಿನಲ್ಲಿ ಕಿಟಕಿಯ ಬದಿಗೆ ಕೂತು ಹಳಿಯುದ್ದಕ್ಕೂ ಓಡುವ ತಂತಿಗಳನ್ನು ನೋಡುತ್ತ, ಇದೇ ಶಕ್ತಿ ಅಲ್ಲವೆ ಪಳಗಿಸಿದ ಆಕಳಿನಂತೆ ಮನೆಮನೆಗೆ ಬಂದು ನಮ್ಮ ರುಬ್ಬುಗುಂಡು ತಿರುಗಿಸುತ್ತಿರುವುದು, ನಮ್ಮ ಮಕ್ಕಳ ಹಾಲನ್ನು ತಂಪಾಗಿಡುತ್ತಿರುವುದು ಎಂದು ಯೋಚಿಸಿ ಮೈ ಜುಮ್ಮೆಂದಿತು. ಬೆರಗು ಮನೆ ಮುಟ್ಟುವವರೆಗೆ ಇತ್ತು. ಮನೆಯಲ್ಲಿ ನಾನು ಮತ್ತೆ ವಾಯರಮನ್ ಆದೆ.

ಈಗ ಕೌದಿಯ ವಿಷಯ. ಅವ್ವನಿಗೆ ಕೈ ಸುಮ್ಮನಿರದು. ಗ್ಯಾಲರಿಯಲ್ಲಿ ಕೂತು ಹಳೆಯ ಅರಿವೆಗಳನ್ನು ಪದರ ಪದರ ಇಟ್ಟು, ಸಾಲು ಹಿಡಿದು ಹೊಲಿಯುವಳು. ಮುಗಿಸುವಾಗ ಕೊನೆಯ ಮೂಲೆಯನ್ನು ಸ್ವಲ್ಪ ತೆರೆದಿಟ್ಟು, ಅದರೊಳಗೆ ರೊಟ್ಟಿಯ ಒಂದು ಚೂರು ಸೇರಿಸಿ ಮುಚ್ಚುತ್ತಿದ್ದಳು. ಕೌದಿಯ ಹೊಟ್ಟೆ ಹಸಿದಿರಬಾರದು, ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎಂಬುದು ಅವಳ ತಾಯಿಯಿಂದ ಬಂದ ಪದ್ಧತಿ. ಮನೆಯವರಿಗೆಲ್ಲ ಹೊದಿಕೆಗಳಾದ ಮೇಲೆ ಅವಳ ಅಂತಃಕರಣ ಯಂತ್ರಗಳ ಕಡೆ ಹೊರಳಿತು. ಟಿವಿಗೊಂದು ಕೌದಿ, ರೇಡಿಯೋಕ್ಕೊಂದು, ಮಿಕ್ಸರಿಗೊಂದು ಕುಲಾವಿಯಂಥದ್ದು. ಹೊಸದಾಗಿ ಫ್ರಿಜ್ಜು ಬಂದಾಗ, ಅದರ ಪಕ್ಕದ ಸ್ಟೂಲಿನ ಮೇಲೆ ಸದಾ ಗುಂಯ್ ಎನ್ನುತ್ತ ಕೂತಿರುತ್ತಿದ್ದ ಸ್ಟೆಬಿಲೈಜರಿಗೂ ಒಂದು. ಹೌದು, ಈಗ ನನ್ನ ಮೇಜಿನ ಮೇಲಿರುವುದು ಅದೇ. ಮುಟ್ಟಿ ನೋಡಿ ಅವಳೇ ಹೇಳಿದ್ದಳು, "ಇದು ಬೆಚ್ಚಗದ ನೋಡೋ. ಒಳಗ ಕೆಂಡದ ಗತೆ ಏನೋ ಅದ." ಕೆಂಡವಿದ್ದ ಮೇಲೆ ಹೊದಿಸಬೇಕಲ್ಲ, ಹೊದಿಸಿದಳು. ನಾನು ದಿನಾ ನೋಡಿದೆ. ಗಾಳಿಯಾಡಲೆಂದು ಪೆಟ್ಟಿಗೆಯ ಬೆನ್ನಿನಲ್ಲಿ ಸೀಳುಗಳಿರುತ್ತವೆ, ಅವನ್ನು ಮುಚ್ಚಬಾರದು ಎಂದು ಕಾರ್ಖಾನೆಯಲ್ಲಿ ಹೊಸಬರಿಗೆ ಪಾಠ ಹೇಳುವ ನಾನು, ಮನೆಯಲ್ಲಿ ಆ ಕೌದಿಯ ಇಳಕಲ್ ಅಂಚು ಎಷ್ಟು ಚಂದ ಕೂತಿದೆ ಎಂದುಕೊಂಡೆ.

ಇನ್ನು ನನ್ನ ಪಾಲಿನದು. ಆ ಕೋಣೆಯಲ್ಲಿ ಇದ್ದದ್ದು ಒಂದೇ ಸಾಕೆಟ್ಟು. ಅದರಿಂದ ತೆಳು ವೈರಿನ ಒಂದು ಎಕ್ಸ್‌ಟೆನ್ಶನ್ ಬೋರ್ಡು ಎಳೆದು ಫ್ರಿಜ್ಜು, ಟಿವಿ, ಬೇಸಿಗೆಯಲ್ಲಿ ಕೂಲರು, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಅದಕ್ಕೇ ತಗುಲಿಸಿದ್ದೆ. ಹೆಚ್ಚಾದ ವೈರು ಕಾಲಿಗೆ ತೊಡರದಿರಲೆಂದು ಸುರುಳಿ ಸುತ್ತಿ ಸ್ಟೆಬಿಲೈಜರಿನ ಮೇಲೆ, ಕೌದಿಯ ಕೆಳಗೆ ಇಟ್ಟಿದ್ದೆ. ಫ್ರಿಜ್ಜು ಗುಡುಗಿ ಶುರುವಾಗುವ ಹೊತ್ತಿಗೆ ಸುಮಾ ಇಸ್ತ್ರಿ ಹಚ್ಚಿದಳೆಂದರೆ ಮುಗಿಯಿತು, ಬಾಗಿಲ ಮೇಲಿನ ಪಿಂಗಾಣಿ ಫ್ಯೂಸು ಹಾರಿಹೋಗುತ್ತಿತ್ತು. ದಣಿದು ಬಂದವನು ಸ್ಟೂಲು ಹತ್ತಿ ಕೂದಲೆಳೆಯಂಥ ತಂತಿಯನ್ನು ಮತ್ತೆ ಕಟ್ಟಬೇಕು. ಒಂದು ವಾರದಲ್ಲಿ ಮೂರನೆಯ ಸಲ ಹೀಗಾದಾಗ ನನಗೆ ರೇಗಿತು. ಕೈಗೆ ಸಿಕ್ಕ ದಪ್ಪ ತಾಮ್ರದ ತಂತಿಯೊಂದನ್ನು ಬೆರಳುದ್ದ ಕತ್ತರಿಸಿ ಫ್ಯೂಸಿಗೆ ಬಿಗಿದೆ. ಆಮೇಲೆ ಅದು ಒಂದು ಸಲವೂ ಹಾರಲಿಲ್ಲ. ಸುಮಾ ಮೆಚ್ಚಿಕೊಂಡಳು. ಕೆಳಗಿನ ಮನೆಯ ಶಿಂದೆ ಕಾಕು, ನಮ್ಮದೂ ಹಾಗೇ ಮಾಡಿಕೊಡಿ ಎಂದರು, ಮಾಡಿಕೊಟ್ಟೆ. ಅವರನ್ನು ನೋಡಿ ಉಳಿದ ಕೆಲವರೂ ಮಾಡಿಸಿಕೊಂಡರು.

ನಮ್ಮ ಕಡೆಯ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಅಂಥದೊಂದು ಗುರುವಾರದ ಮಧ್ಯಾಹ್ನ ನಾನು ಉಂಡು ಅಡುಗೆಮನೆಯಲ್ಲಿ ಚಾಪೆ ಹಾಸಿ ಮಲಗಿದ್ದೆ. ನಾಲ್ಕು ವರ್ಷದ ಮಗಳು ಭಾಗ್ಯಾ ಒಳಗಿನ ಕೋಣೆಯಲ್ಲಿ, ಫ್ರಿಜ್ಜಿನ ಪಕ್ಕದ ಮಂಚದ ಮೇಲೆ ನಿದ್ದೆಹೋಗಿದ್ದಳು. ಅಲ್ಲೇ ಇಸ್ತ್ರಿ ಮಾಡುತ್ತಿದ್ದ ಸುಮಾ ಕರೆಂಟು ಹೋದದ್ದರಿಂದ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ಗುಂಡಿ ಆರಿಸುವುದನ್ನು ಮರೆತು, ಜೋಳ ಬೀಸಿಸಿಕೊಂಡು ಬರಲು ಗಿರಣಿಗೆ ಹೋದಳು. ಆ ವರ್ಷಗಳಲ್ಲಿ ಮಧ್ಯಾಹ್ನ ಕರೆಂಟು ಹೋಗುವುದು ಊಟದಷ್ಟೇ ಸಹಜವಾಗಿತ್ತು. ಅವ್ವ ಗ್ಯಾಲರಿಯಲ್ಲಿ ಹೊಲಿಯುತ್ತಿದ್ದಳು. ನಾವೆಲ್ಲ ಹೀಗೆ ನಮ್ಮ ನಮ್ಮ ಲೋಕದಲ್ಲಿದ್ದಾಗ ಕರೆಂಟು ಮರಳಿ ಬಂತು. ಫ್ರಿಜ್ಜು, ಕೂಲರು, ಇಸ್ತ್ರಿಪೆಟ್ಟಿಗೆ ಮೂರೂ ಏಕಕಾಲಕ್ಕೆ ಆ ತೆಳು ವೈರಿಗೆ ಬಾಯಿ ಹಾಕಿದವು. ಹಾರಬೇಕಾಗಿದ್ದ ಫ್ಯೂಸು ನನ್ನ ದಪ್ಪ ತಂತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲಾಡದೆ ಕೂತಿತ್ತು; ಕೌದಿಯ ಕೆಳಗಿನ ವೈರಿನ ಸುರುಳಿ ಕಾಯತೊಡಗಿತು.

ವಾಸನೆ ಮೊದಲು ಹತ್ತಿದ್ದು ಅವ್ವನಿಗೆ. ರಬ್ಬರು ಸುಟ್ಟದ್ದು ಅವಳಿಗೆ ಗೊತ್ತಾಗಲಿಲ್ಲ, ಅರಳೆಯ ಅರಿವೆ ಸುಡುತ್ತಿರುವುದು ಗೊತ್ತಾಯಿತು. ಅವಳ ಕೂಗಿಗೆ ನಾನೆದ್ದು ಬಾಗಿಲಿಗೆ ಬಂದಾಗ ಕಂಡದ್ದಿಷ್ಟು: ಸ್ಟೂಲಿನ ಮೇಲಿನ ಕೌದಿಯ ನಡುವಿನಿಂದ ಹೊಗೆ ನೆಟ್ಟಗೆ ಏಳುತ್ತಿದೆ, ಅದರ ಬುಡದಲ್ಲಿ ಗೇಣುದ್ದದ ಉರಿ, ಆ ಉರಿಗೂ ಮಂಚಕ್ಕೂ ನಡುವೆ ಅವ್ವ, ಕಂಕುಳಲ್ಲಿ ಭಾಗ್ಯಾ. ಮಗುವನ್ನು ನನ್ನ ತೋಳಿಗೆ ಹಾಕಿ ಅವಳು ಬಚ್ಚಲಿಗೆ ಓಡಿದಳು.

"ನೀರು ಹಾಕಬ್ಯಾಡವ್ವಾ, ತಡಿ, ಕರೆಂಟ್ ತಗೀತೀನಿ," ಎಂದೆ. ಕೂಸನ್ನು ಗ್ಯಾಲರಿಗೆ ಬಿಟ್ಟು ಬಾಗಿಲ ಮೇಲಿನ ಮೇನ್ ಸ್ವಿಚ್ಚನ್ನು ಲಟ್ಟಣಿಗೆಯಿಂದ ಹೊಡೆದು ಕೆಳಗಿಳಿಸಿದೆ. ತಿರುಗುವಷ್ಟರಲ್ಲಿ ಅವ್ವ, ತೊಳೆಯಲೆಂದು ಬೆಳಗ್ಗೆ ನೆನೆಹಾಕಿದ್ದ ದೊಡ್ಡ ಕೌದಿಯನ್ನು ನೀರು ಸುರಿಯುತ್ತಿರುವಂತೆಯೇ ಎಳೆದು ತರುತ್ತಿದ್ದಳು.

"ತಗದ್ಯಾ?" ಎಂದು ಕೇಳಿದಳು. "ತಗದೆ," ಎಂದೆ. ಅಷ್ಟು ಕೇಳಿಸಿಕೊಂಡೇ ಅದನ್ನೆತ್ತಿ ಉರಿಯ ಮೇಲೆ ಹಾಕಿ, ಎರಡೂ ತೋಳುಗಳಿಂದ ಒತ್ತಿ ಹಿಡಿದಳು. ಒದ್ದೆಯಾದ ಕೌದಿಯನ್ನು ಎತ್ತಲು ನಮ್ಮ ಮನೆಯಲ್ಲಿ ಯಾವಾಗಲೂ ಇಬ್ಬರು ಬೇಕು. ಅಂದು ಅದನ್ನು ಅರವತ್ತು ದಾಟಿದ, ಸೊಂಟನೋವಿನ ನನ್ನವ್ವ ಒಬ್ಬಳೇ ಎತ್ತಿದಳು. ಬೆಂಕಿ ಬುಸ್ಸೆಂದು ಉಸಿರು ಬಿಟ್ಟು ಆರಿತು. ಗೋಡೆಯ ಮೇಲೆ ಮಸಿಯ ಗೆರೆ ಮಂಚದ ತಲೆದಿಂಬಿನ ನೇರಕ್ಕೆ ಬಂದು ನಿಂತಿತ್ತು. ಆ ಗೆರೆಯನ್ನೂ ಅವಳ ತೋಳುಗಳನ್ನೂ ನೋಡುತ್ತ ನಿಂತ ನನಗೆ ಕಾರ್ಖಾನೆಯ ಆ ಬಿಳುಪು ನೆನಪಾಯಿತು. ಈ ಸಲ ಹೆದರಿಕೆ ಸ್ವಲ್ಪ, ಉಳಿದದ್ದು ಏನೆಂದು ಹೇಳಲಿ, ಕೈಮುಗಿಯಬೇಕೆನಿಸಿತು.

ಕೈಮುಗಿಯಲಿಲ್ಲ. ಕಟ್ಟಡದವರೆಲ್ಲ ಬಂದರು. ಶಿಂದೆ ಕಾಕು ಅರ್ಧ ಸುಟ್ಟ ಪುಟ್ಟ ಕೌದಿಯನ್ನು ಎರಡು ಬೆರಳಿನಲ್ಲಿ ಎತ್ತಿ, "ಆಜೀನೀ ಗೋಧಡೀ ಟಾಕಲೀ ಹೋತೀ ವಾಟತಂ" ಎಂದರು. ಅಜ್ಜಿ ಇದರ ಮೇಲೆ ಕೌದಿ ಹಾಕಿದ್ದರೆಂದು ಕಾಣುತ್ತದೆ. ಎಲ್ಲರೂ ವಾಯರಮನ್ನನ ತೀರ್ಪಿಗೆ ನನ್ನ ಕಡೆ ನೋಡಿದರು. ನಾನು ಮರಾಠಿಯಲ್ಲಿ ಹೇಳಿದೆ: ಹೌದು, ಮೇಲೆ ಬಟ್ಟೆ ಮುಚ್ಚಿತ್ತು, ಗಾಳಿಯಾಡಲಿಲ್ಲ, ಅದಕ್ಕೇ ಹೀಗಾಯಿತು. ಇದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಬಾಗಿಲ ಮೇಲೆ, ನನ್ನ ತಲೆಗಿಂತ ಎರಡು ಗೇಣು ಎತ್ತರದಲ್ಲಿ, ಉಳಿದರ್ಧ ಸತ್ಯ ಪಿಂಗಾಣಿಯೊಳಗೆ ಕೂತಿತ್ತು. ಅವ್ವನಿಗೆ ಮರಾಠಿ ಅಷ್ಟಕ್ಕಷ್ಟೆ. ಆದರೆ ಗೋಧಡಿ ಎಂದರೆ ಕೌದಿ ಎಂಬುದು ಅವಳಿಗೆ ಗೊತ್ತಿತ್ತು. ಮಗ ಹೌದು ಎಂದದ್ದೂ ಗೊತ್ತಾಯಿತು.

ಮರುದಿನ ಟಿವಿಯ ಕೌದಿ ಇರಲಿಲ್ಲ. ಮಿಕ್ಸರಿನ ಕುಲಾವಿ ಇರಲಿಲ್ಲ. ಎಲ್ಲವನ್ನೂ ಮಡಿಚಿ ಟ್ರಂಕಿನ ತಳಕ್ಕೆ ಹಾಕಿದ್ದಳು. ಸೂಜಿದಾರದ ಡಬ್ಬಿಯೂ ಅಲ್ಲೇ. ಭಾಗ್ಯಾ ತೊಡೆ ಏರಲು ಬಂದರೆ, "ನಿಮ್ಮವ್ವನ ಕಡೆ ಹೋಗವ್ವಾ" ಎಂದು ಕಳಿಸುವಳು. ಮೂರನೆಯ ದಿನ, ದೌಂಡದಲ್ಲಿರುವ ನನ್ನ ತಂಗಿಯ ಮನೆಗೆ ಹೋಗುತ್ತೇನೆಂದಳು, ಅಲ್ಲೇ ಇರುತ್ತೇನೆಂದಳು. ಸುಮಾ ಕೈಹಿಡಿದು, "ಹಂಗ್ಯಾಕ ಅಂತೀರಿ ಅತ್ತೀ, ಕೂಸನ್ನ ಉಳಿಸಿದವರು ನೀವಲ್ಲೇನ್ರಿ?" ಎಂದರೆ, "ಉಳಿಸಿದ ಕೈನೇ ಹಚ್ಚಿದ ಕೈನೂ ಹೌದವಾ. ಈ ಊರಿನ ಬೆಂಕಿ ನನಗ ತಿಳೀವಲ್ದು. ತಿಳೀಲಾರದ ಬೆಂಕಿ ಮಗ್ಗಲದಾಗ ನಾ ಇರಬಾರದು," ಎಂದಳು. ಆ ಕೈ ಎಷ್ಟು ಬೆಂಕಿಗಳನ್ನು ಮಲಗಿಸಿ ಎಬ್ಬಿಸಿತ್ತೋ! ಅದನ್ನೀಗ ಸೆರಗಿನೊಳಗೆ ಮುಚ್ಚಿಕೊಂಡು ಕೂತಿರುತ್ತಿದ್ದಳು. ನಾನು ಊಟ ಮಾಡುತ್ತಿದ್ದೆ, ಲೋಕಲ್ ಹಿಡಿಯುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ಕಟ್ಟಡದಲ್ಲಿ ನನಗಿದ್ದ ಆ ಒಂದು ಗತ್ತು ಅವ್ವನಿಗಿಂತ ದೊಡ್ಡದಾಗಿತ್ತೆ ಎಂದು ನೀವು ಕೇಳಬಹುದು. ಐದು ದಿನಗಳ ಮಟ್ಟಿಗೆ ದೊಡ್ಡದಾಗಿತ್ತು ಮಾರಾಯರೆ, ಸುಳ್ಳೇಕೆ ಹೇಳಲಿ.

ಕಾರ್ಖಾನೆಯಲ್ಲಿ ಜಾಧವನಿಗೂ ಇದೇ ಕಥೆ ಹೇಳಿದೆ: ಮುದುಕಿ, ಕೌದಿ, ಗಾಳಿಯಾಡಲಿಲ್ಲ. ಆತ ಕೇಳಿಸಿಕೊಂಡು, ಚಹಾ ಮುಗಿಸಿ, ಹನ್ನೆರಡು ಮನೆಯವರಲ್ಲಿ ಒಬ್ಬರಿಗೂ ಹೊಳೆಯದ ಒಂದೇ ಪ್ರಶ್ನೆ ಕೇಳಿದ. "ಫ್ಯೂಜ್ ಕಾ ಗೇಲಾ ನಾಹೀ?" ಫ್ಯೂಸು ಯಾಕೆ ಹೋಗಲಿಲ್ಲ? ಆತ ನನ್ನ ಮುಖವನ್ನು ಒಂದು ಕ್ಷಣ ನೋಡಿ, ಎದ್ದು, ಮುಂದಿನ ಕಪಾಟಿಗೆ ಮುಂಗೈ ಮುಟ್ಟಿಸಲು ಹೋದ.

ಅಂದು ಸಂಜೆಯ ಲೋಕಲ್ಲಿನಲ್ಲಿ ಫ್ಯೂಸಿನ ಬಗ್ಗೆ ಜೀವನದಲ್ಲಿ ಮೊದಲ ಬಾರಿಗೆ ನೆಟ್ಟಗೆ ಯೋಚಿಸಿದೆ. ಮನೆಯ ಎಲ್ಲ ಉಪಕರಣಗಳೂ ಏನಾದರೊಂದು ಮಾಡುವುದಕ್ಕಾಗಿ ಇವೆ. ಈ ಬಡಪಾಯಿ ತಂತಿಯೊಂದು ಮಾತ್ರ ಸಾಯುವುದಕ್ಕಾಗಿಯೇ ಇದೆ. ಮನೆಯಲ್ಲಿ ಎಲ್ಲರಿಗಿಂತ ದುರ್ಬಲವಾಗಿರುವುದೇ ಅದರ ಧರ್ಮ. ಭಾರ ಮೀರಿದಾಗ ಯಾರನ್ನೂ ಕೇಳದೆ, ಯಾರನ್ನೂ ಸುಡದೆ, ತಾನೊಂದೇ ಕರಗಿ ಕತ್ತಲು ಮಾಡಿ, ನಾವು ಶಪಿಸುತ್ತ ಸ್ಟೂಲು ಹತ್ತುವಾಗ ನಮ್ಮನ್ನು ಬದುಕಿಸಿಟ್ಟಿರುತ್ತದೆ. ಎಷ್ಟು ಸಲ ಅದು ನನ್ನ ಮನೆಯನ್ನು ಉಳಿಸಿತ್ತೋ, ಅಷ್ಟು ಸಲವೂ ನಾನು ಅದಕ್ಕೆ ಬೈದಿದ್ದೆ. ಕೊನೆಗೆ ಸಾಯಲಾರದ ತಂತಿಯನ್ನು ತಂದು ಅದರ ಜಾಗದಲ್ಲಿ ಕೂರಿಸಿದೆ. ಅದು ಸಾಯಲಿಲ್ಲ; ಅದರ ಬದಲು ಯಾರು ಸಾಯಬೇಕೆಂದು ಆ ಮಧ್ಯಾಹ್ನ ಬೆಂಕಿ ಹುಡುಕುತ್ತ ಮಂಚದ ಕಡೆ ನಡೆದಿತ್ತು.

ಮನೆಗೆ ಬಂದಾಗ ಅವ್ವನ ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು. ಬೆಳಗಿನ ಗಾಡಿಗೆ ಹೊರಡುವವಳಿದ್ದಳು. ನಾನು ಚಪ್ಪಲಿ ಬಿಡದೆ ಸ್ಟೂಲು ಹತ್ತಿ, ಮೇನ್ ಆರಿಸಿ, ಪಿಂಗಾಣಿ ಫ್ಯೂಸನ್ನು ಕಿತ್ತು, ಆ ತಂತಿ ಬಿಚ್ಚಿ ತಂದು ಅವಳ ಮುಂದೆ ಇಟ್ಟೆ. ಪಕ್ಕದಲ್ಲಿ, ಇರಬೇಕಾಗಿದ್ದ ಕೂದಲೆಳೆಯ ತಂತಿಯನ್ನೂ ಇಟ್ಟೆ. ಯಾವುದು ಏನು ಮಾಡುತ್ತದೆ, ನಾನು ಏನು ಮಾಡಿದೆ, ಎಲ್ಲ ಹೇಳಿದೆ. ಸುಮಾ ಲಟ್ಟಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಅವ್ವ ದಪ್ಪ ತಂತಿಯನ್ನು ತಿರುವಿ ತಿರುವಿ ನೋಡಿದಳು.

"ಇಷ್ಟ ದಪ್ಪಂದು ಯಾಕ ಹಾಕಿದ್ಯೋ?"

"ಮತ್ ಮತ್ ಹೋಗ್ತಿತ್ತವ್ವಾ. ಬ್ಯಾಸರ ಬಂದಿತ್ತು."

ಅವಳು ತಂತಿಯನ್ನು ಕೆಳಗಿಟ್ಟಳು. ಆಮೇಲೆ ಮೆಲ್ಲಗೆ ಅಂದಳು, "ನಿನಗ ಬ್ಯಾಸರ, ನನಗ ಅಕ್ಕರತಿ. ಇಬ್ರೂ ಕೂಡಿ ಕೂಸಿನ ತಲಿದೆಸಿಗೆ ಬೆಂಕಿ ಇಟ್ಟಿವಿ ನೋಡು." ನಾನು ತಲೆ ತಗ್ಗಿಸಿದೆ. ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಇಬ್ಬರೂ ಎಂದಳಲ್ಲ, ಅದಕ್ಕೆ ಅಳು ಬಂತು.

"ಕೆಳಗಿನಾಕಿಗೆ ಹೇಳಿಯೇನು ಇದನ್ನ?" ಎಂದು ಕೇಳಿದಳು. ಇಲ್ಲ ಎಂದೆ. "ಹೋಗಿ ಹೇಳಿ ಬಾ. ಮರಾಠಿಯೊಳಗ ಹೇಳು, ಅವರಿಗೆ ತಿಳಿಯೂ ಹಂಗ."

ಇಳಿದು ಹೋಗಿ ಶಿಂದೆ ಕಾಕುವಿನ ಬಾಗಿಲಲ್ಲಿ ನಿಂತು ಹೇಳಿದೆ. ತಪ್ಪು ಅಜ್ಜಿಯದಲ್ಲ, ನನ್ನದು. ಫ್ಯೂಸಿಗೆ ದಪ್ಪ ತಂತಿ ಹಾಕಿದ್ದೆ. ಅವರು ನಗಲಿಲ್ಲ, ಛೀ ಎನ್ನಲೂ ಇಲ್ಲ. ನಿಧಾನವಾಗಿ ತಲೆಯೆತ್ತಿ ತಮ್ಮ ಬಾಗಿಲ ಮೇಲಿನ ಪಿಂಗಾಣಿಯನ್ನು ನೋಡಿದರು. "ಆಮಚೀ ಪಣ ತಾರ ತುಮ್ಹೀಚ ಬಸವಲೀ ಹೋತೀ ನಾ?" ನಮ್ಮ ತಂತಿಯನ್ನೂ ನೀವೇ ಕೂರಿಸಿದ್ದಲ್ಲವೆ? ಅವರ ಹಿಂದೆ, ಒಳಕೋಣೆಯಲ್ಲಿ, ತಿಂಗಳ ಹಿಂದೆ ಹುಟ್ಟಿದ ಮೊಮ್ಮಗು ತೊಟ್ಟಿಲಲ್ಲಿತ್ತು. ಮೆಟ್ಟಿಲ ಮೇಲೆ ನಿಂತು ಎಣಿಸಿದೆ. ನನ್ನ ಜಾಣತನ ಕಟ್ಟಡದ ಏಳು ಮನೆಗಳ ಬಾಗಿಲ ಮೇಲೆ ಕೂತಿತ್ತು. ಐದು ದಿನ ನಾನು ಕಾಯ್ದುಕೊಂಡದ್ದು ನನ್ನ ಮಾನವನ್ನು. ಅಷ್ಟೂ ದಿನ ಈ ಏಳೂ ಮನೆಯ ಮಕ್ಕಳು ಅದರ ಕೆಳಗೆ ಮಲಗಿ ಎದ್ದಿದ್ದರು.

ಮೇಲೆ ಹೋಗಿ ತೆಳು ತಂತಿಯ ಉಂಡೆ ತೆಗೆದುಕೊಂಡೆ. ತಿರುಗಿದರೆ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಾಳೆ. "ನಡಿ, ಸ್ಟೂಲ್ ನಾ ಹಿಡೀತೀನಿ," ಎಂದಳು. ಅಂದು ಸಂಜೆ ನಾವಿಬ್ಬರೂ ಮನೆಮನೆಗೆ ಹೋದೆವು. ಪ್ರತಿ ಮನೆಯಲ್ಲೂ ನಾನು ತಪ್ಪೊಪ್ಪಿಕೊಳ್ಳುವುದು, ಅವ್ವ ಸ್ಟೂಲು ಹಿಡಿಯುವುದು. ಮೂರನೆಯ ಮನೆಯಲ್ಲಿ, ನಾನು ಬೋರ್ಡಿಗೆ ಮುಂಗೈ ಮುಟ್ಟಿಸಿ ನೋಡುವುದನ್ನು ಕಂಡು, ಯಾಕೆ ಹಾಗೆಂದು ಕೇಳಿದಳು. ಜಾಧವನ ವಿದ್ಯೆ ಹೇಳಿಕೊಟ್ಟೆ. "ಇದರಾಗ ಹೊಸಾದೇನದ? ಕೂಸಿಗೆ ಜ್ವರ ಬಂದರ ಹಿಂಗೇ ನೋಡತೀವಲ್ಲ," ಎಂದು, ಸೆರಗಿನೊಳಗಿನಿಂದ ಕೈ ತೆಗೆದು, ತಿರುಗಿಸಿ, ಅವರ ಫ್ರಿಜ್ಜಿನ ಪಕ್ಕದ ಸ್ಟೆಬಿಲೈಜರಿನ ಹಣೆಗಿಟ್ಟಳು. ಐದು ದಿನಗಳ ಮೇಲೆ ಆ ಕೈ ಮೊದಲ ಸಲ ಹೊರಗೆ ಬಂದದ್ದು ಆಗ. ಅದನ್ನು ನಾನು ಮರೆತಿಲ್ಲ.

ಬೆಳಗಿನ ಗಾಡಿ ದೌಂಡಕ್ಕೆ ಅವಳಿಲ್ಲದೆ ಹೋಯಿತು. ಚೀಲ ಮಧ್ಯಾಹ್ನದ ಹೊತ್ತಿಗೆ ಮಂಚದ ಕೆಳಗೆ ಸರಿದಿತ್ತು. ಟ್ರಂಕಿನಿಂದ ಸೂಜಿದಾರ ಬಂತು. ಸುಟ್ಟ ಕೌದಿಯನ್ನು ತೊಡೆಯ ಮೇಲೆ ಹರಡಿ, ತೂತಿನ ಮೇಲೆ ನನ್ನ ಖಾಕಿ ಅಂಗಿಯ ತುಂಡನ್ನೇ ತೇಪೆ ಹಚ್ಚಿ, ಕೊನೆಯ ಮೂಲೆಯನ್ನು ಬಿಚ್ಚಿ ರೊಟ್ಟಿಯ ಚೂರು ಸೇರಿಸಿದಳು. ಆಮೇಲೆ ನನ್ನ ಕಡೆ ಕೈ ಚಾಚಿ, "ಆ ತಂತಿ ಕೊಡಿಲ್ಲೆ," ಎಂದಳು. ಕೊಟ್ಟೆ. ಅದನ್ನೂ ಒಳಗೆ ತೂರಿಸಿ ಬಾಯಿ ಹೊಲಿದಳು. "ಇಲ್ಲೇ ಇರಲಿ. ಹಸಿವಿ ಭಾಳ ಅದಕ್ಕ. ರೊಟ್ಟಿ ತಿಂದು ಸುಮ್ಮ ಇರತದ," ಎಂದು ದಾರ ಕಡಿದಳು. ಆ ಕೌದಿಯನ್ನು ಮತ್ತೆ ಯಾವ ಯಂತ್ರಕ್ಕೂ ಹೊದಿಸಲಿಲ್ಲ.

ಅಲ್ಲಿಂದ ಮುಂದಿನ ಹದಿನೈದು ವರ್ಷಗಳಲ್ಲಿ ನಮ್ಮ ಗೋಡೆಗಳಿಗೆ ಎಷ್ಟು ಬಾಯಿಗಳು ಮೂಡಿದವು! ಸೊಳ್ಳೆಯ ಯಂತ್ರ ಬಂತು, ಕಂಪ್ಯೂಟರು ಬಂತು, ಕತ್ತಲಲ್ಲಿ ಬೆಳಕು ಕೊಡುವ ಇನ್ವರ್ಟರು ಬಂತು, ಕೈಗೊಂದು ಮೊಬೈಲು, ಮೊಬೈಲಿಗೊಂದು ಚಾರ್ಜರು. ಮೊದಲಿನ ಬೆಂಕಿ ನಮ್ಮನ್ನು ಬಗ್ಗಿಸಿ, ಊದಿಸಿ, ಕಣ್ಣೀರು ತರಿಸಿ ಆಮೇಲೆ ಬರುತ್ತಿತ್ತು; ಇದು ಕೇಳುವ ಮೊದಲೇ ಬಂದು, ಕೆಂಪು ಚುಕ್ಕೆಯಷ್ಟೇ ಕಣ್ಣು ತೆರೆದು, ಇಡೀ ದಿನ ನಮ್ಮ ಪಕ್ಕದಲ್ಲೇ ಕಾದು ಕೂತಿರುತ್ತದೆ. ಇಷ್ಟು ದೊಡ್ಡ ಶಕ್ತಿ ಇಷ್ಟು ತಾಳ್ಮೆಯಿಂದ, ನಮ್ಮಂಥ ಮರೆಗುಳಿಗಳ ಮನೆಯಲ್ಲಿ, ಹೆಚ್ಚಿನ ದಿನಗಳಲ್ಲಿ ಏನೂ ಮಾಡದೆ ಇರುತ್ತದಲ್ಲ, ಅದಕ್ಕಿಂತ ದೊಡ್ಡ ಪವಾಡ ನಾನು ಕಂಡಿಲ್ಲ. ಅವ್ವ ಮಾತ್ರ ಅದನ್ನು ಎಂದೂ ಸಲೀಸಾಗಿ ತೆಗೆದುಕೊಳ್ಳಲಿಲ್ಲ. ದಿನಾ ಸಂಜೆ ದೀಪ ಹಾಕಿ ಗೋಡೆಗೆ ಕೈಮುಗಿದ ಮೇಲೆ, ಮುಂಗೈ ತಿರುಗಿಸಿ ಮನೆಯ ಒಂದೊಂದೇ ಪ್ಲಗ್ಗಿನ ಹಣೆ ಮುಟ್ಟುತ್ತ ಒಂದು ಸುತ್ತು ಬರುವಳು. "ಈ ಚಾರ್ಜರಿಗೆ ಜ್ವರ ಬಂದದ, ತಗೀರಿ," ಎಂದರೆ ಕಾಲೇಜಿಗೆ ಹೋಗುವ ಭಾಗ್ಯಾ ಮಾತಿಲ್ಲದೆ ಎದ್ದು ತೆಗೆಯುತ್ತಿದ್ದಳು. ಕಟ್ಟಡದವರೂ ಕರೆಯತೊಡಗಿದರು. ಊರಿಗೆ ಹೋಗುವ ಮೊದಲು ಶಿಂದೆ ಕಾಕು ಬೀಗ ಹಿಡಿದುಕೊಂಡು ಮೇಲೆ ಬಂದು, ಆಜೀ, ಒಂದು ಸಲ ಕೈಯಿಟ್ಟು ನೋಡಿ ಬನ್ನಿ ಎನ್ನುತ್ತಿದ್ದರು. ವಾಯರಮನ್ನನನ್ನು ಕರೆಯುತ್ತಿರಲಿಲ್ಲ.

ಅವ್ವ ಹೋಗಿ ಈಗ ಕೆಲವು ವರ್ಷಗಳಾದವು. ಕೊನೆಯ ವಾರ ಹಾಸಿಗೆ ಹಿಡಿದಾಗ ಅವಳ ಹಣೆಗೆ ಮುಂಗೈಯಿಟ್ಟು ನೋಡುವ ಕೆಲಸ ನನ್ನದಾಗಿತ್ತು. ಕಣ್ಣು ಮುಚ್ಚಿಕೊಂಡೇ, "ಬಿಸಿ ಅದ ಏನೋ?" ಎಂದು ಕೇಳುವಳು. "ಸ್ವಲ್ಪ ಅದ ಅವ್ವಾ," ಎನ್ನುತ್ತಿದ್ದೆ. "ಹಂಗಿದ್ರ ಹೊದಿಸಬ್ಯಾಡ," ಎನ್ನುವಳು.

ಇದನ್ನು ಬರೆದು ಮುಗಿಸುವ ಹೊತ್ತಿಗೆ ಸಂಜೆಯಾಗಿದೆ, ದೀಪ ಹಾಕಬೇಕು. ಎದ್ದು ಗುಂಡಿ ಒತ್ತಿ, ಗೋಡೆಯ ಕಡೆ ತಿರುಗಿ ಕೈಮುಗಿದು, ಮನೆಯ ಪ್ಲಗ್ಗುಗಳನ್ನೆಲ್ಲ ಒಂದು ಸುತ್ತು ಮುಟ್ಟಿ ಬಂದೆ. ಕೊನೆಗೆ, ಯಾವ ಸಾಕೆಟ್ಟಿಗೂ ಸೇರದ ಈ ಪುಟ್ಟ ಕೌದಿಯ ಬಲಮೂಲೆಗೂ ಮುಂಗೈಯಿಟ್ಟೆ. ದಿನಾ ಇಡುತ್ತೇನೆ. ರೊಟ್ಟಿ ಎಂದೋ ಪುಡಿಯಾಗಿ ಹೋಗಿರಬೇಕು. ತಂತಿ ಹಾಗೇ ಇದೆ, ತಣ್ಣಗಿದೆ.